ವಿಯೆನ್ನಾದಲ್ಲಿ ಜನಿಸಿದ ಗಣ್ಯರು

ಆಸ್ಟ್ರಿಯದ ರಾಜಧಾನಿ ವಿಯೆನ್ನಾ ಸಂಗೀತದ ಊರೆಂದು ಹೆಸರಾಗಿದ್ದರೂ ಆ ಹೆಸರು ತಂದವರಲ್ಲಿ ಹಲವರು ಹೊರಗಿನಿಂದ ಬಂದವರು. ಮೋಟ್ಸಾರ್ಟ್ ಸಾಲ್ಸ್‌ಬರ್ಗ್‌ನಲ್ಲಿ, ಬೀಥೋವನ್ ಜರ್ಮನಿಯ ಬಾನ್‌ನಲ್ಲಿ ಹುಟ್ಟಿದವರು. ವಿಯೆನ್ನಾದಲ್ಲೇ ಜನಿಸಿದವರಲ್ಲಿ ಫ್ರಾಂಟ್ಸ್ ಶೂಬರ್ಟ್ (1797–1828) ಪ್ರಮುಖ. ಶಾಲಾ ಮಾಸ್ತರರ ಮಗನಾದ ಈತ 31ನೆಯ ವಯಸ್ಸಿಗೇ ತೀರಿಕೊಂಡರೂ 600ರಷ್ಟು ಗೀತೆಗಳಿಗೆ ಸಂಗೀತ ಅಳವಡಿಸಿದ. ಈತ ಹುಟ್ಟಿದ ಮನೆ ಈಗ ವಸ್ತುಸಂಗ್ರಹಾಲಯ. ಈತನ ಕನ್ನಡಕವನ್ನು ಅಲ್ಲಿ ಕಾಣಬಹುದು. ವಾಲ್ಟ್ಸ್ ನೃತ್ಯಸಂಗೀತಕ್ಕೆ ಹೆಸರಾದ ಕಿರಿಯ ಯೋಹಾನ್ ಸ್ಟ್ರಾಸ್ (1825–1899), ಫ್ರಾನ್ಸಿನ ರಾಣಿಯಾಗಿ 1793ರಲ್ಲಿ ಗಿಲೊಟಿನ್‌ಗೆ ತಲೆಗೊಟ್ಟ ಮಾರೀ ಆಂತ್ವಾನೆತ್ ಕೂಡ ಇಲ್ಲಿಯವರೇ.

ಉಕ್ಕಿನ ಉದ್ಯಮದಿಂದ ಸಿರಿವಂತವಾದ ವಿಟ್ಗೆನ್‌ಸ್ಟೈನ್ ಕುಟುಂಬದ ಇಬ್ಬರು ಸೋದರರು ಜಗತ್ಪ್ರಸಿದ್ಧರು. ತತ್ತ್ವಜ್ಞಾನಿ ಲುಡ್ವಿಗ್ (1889–1951) ಪಾಲಿಗೆ ಬಂದ ಆಸ್ತಿಯನ್ನೆಲ್ಲ ಒಡಹುಟ್ಟಿದವರಿಗೆ ಬಿಟ್ಟುಕೊಟ್ಟ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಿಯಾನೊ ವಾದಕ ಪೌಲ್‌ಗಾಗಿ ಫ್ರೆಂಚ್ ಸಂಗೀತಕಾರ ರವೆಲ್ ಎಡಗೈಗೆಂದೇ ಒಂದು ಕಾನ್ಸರ್ಟೊ ರಚಿಸಿದ.

ವಿಜ್ಞಾನಿಗಳಲ್ಲಿ ಕ್ವಾಂಟಮ್ ತರಂಗ ಸಮೀಕರಣದ ಎರ್ವಿನ್ ಶ್ರೋಡಿಂಗರ್ (1887–1961) ವೇದಾಂತದಲ್ಲಿ ಆಸಕ್ತನಾಗಿದ್ದುದರಿಂದ ಭಾರತೀಯರಿಗೆ ಹೆಚ್ಚು ಪರಿಚಿತ. ಯಹೂದಿ ಮೂಲದ ಲೀಸ ಮೈಟ್ನರ್ (1878–1968) ನಾಜಿಗಳ ಕಾಟಕ್ಕೆ 1938ರಲ್ಲಿ ಜರ್ಮನಿ ಬಿಟ್ಟು ಸ್ವೀಡನ್ ಸೇರಿದಳು. ವಿಯೆನ್ನಾದಲ್ಲೇ ಹುಟ್ಟಿದ ಸೋದರಿಯ ಮಗ ಓಟೊ ಫ್ರಿಷ್‌ನೊಡನೆ ಯುರೇನಿಯಂ ವಿದಳನವನ್ನು ವಿವರಿಸಿದಳು. ಆದರೆ ವಿದಳನದ ಶೋಧಕ್ಕೆ 1944ರ ನೊಬೆಲ್ ಈಕೆಯ ಸಹಸಂಶೋಧಕನಾಗಿದ್ದ ಓಟೊ ಹಾನ್ ಒಬ್ಬನಿಗೇ ಸಂದಿತು; ಇದು ಇಂದಿಗೂ ಟೀಕೆಗೆ ಗುರಿಯಾಗಿರುವ ತೀರ್ಮಾನ. 109ನೆಯ ಧಾತುವಿಗೆ ಈಕೆಯ ಹೆಸರನ್ನಿಡಲಾಗಿದೆ.