ಧ್ವಜಕಂಬದ ಬುಡದಲ್ಲಿ ಆಕಾಶ

ಭಟ್ಕಳದ ಶಾಲೆಗಳಲ್ಲಿ ಆಗಸ್ಟ್ 15ರಂದು ಬಾವುಟ ಏರಿಸಿ, ಸಿಹಿ ಹಂಚಿ, ಮಕ್ಕಳೆಲ್ಲ ಮನೆಗೆ ಓಡಿದ ಮೇಲೆ ಖಾಲಿ ಅಂಗಳದಲ್ಲಿ ಇನ್ನೊಂದು ಕಾರ್ಯಕ್ರಮ ನಡೆಯುತ್ತದೆ. ಮಧ್ಯಾಹ್ನ 12 ಗಂಟೆ 35 ನಿಮಿಷದ ಸುಮಾರಿಗೆ ಸೂರ್ಯ ನಡುನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಂತ ಧ್ವಜಕಂಬದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಭಟ್ಕಳ ಇರುವುದು ಹೆಚ್ಚುಕಡಿಮೆ 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ದಕ್ಷಿಣಕ್ಕೆ ಮರಳುವ ಸೂರ್ಯ ಆ ಗೆರೆಯನ್ನು ದಾಟುವುದು ಸ್ವಾತಂತ್ರ್ಯೋತ್ಸವದ ಆಸುಪಾಸಿನಲ್ಲಿ. ಸ್ವಲ್ಪ ಉತ್ತರಕ್ಕಿರುವ ಹೊನ್ನಾವರ, ಕುಮಟಾಗಳಿಗೆ ಈ ಶೂನ್ಯ ನೆರಳಿನ ದಿನ ಒಂದೆರಡು ದಿನ ಮೊದಲೇ ಬರುತ್ತದೆ.

ಬರುತ್ತದೆ, ಆದರೆ ಕಾಣುವುದು ಅಪರೂಪ. ಆಗ ಕರಾವಳಿಯಲ್ಲಿ ಮಳೆಗಾಲ. ವರ್ಷದ ಇನ್ನೊಂದು ಶೂನ್ಯ ನೆರಳಿನ ದಿನ ಏಪ್ರಿಲ್ ಕೊನೆಯ ವಾರದಲ್ಲಿದೆ. ಆಗ ಬಿಸಿಲಿಗೆ ಬರವಿಲ್ಲ, ಆದರೆ ಶಾಲೆಗೆ ಬೇಸಿಗೆ ರಜೆ. ಬಿಸಿಲಿದ್ದಾಗ ಮಕ್ಕಳಿಲ್ಲ, ಮಕ್ಕಳಿದ್ದಾಗ ಬಿಸಿಲಿಲ್ಲ.

ಈ ಇಕ್ಕಟ್ಟಿನಿಂದ ಪಾರಾಗಲು ಇಂದು ಶಿಕ್ಷಕರಿಗೆ ದುಡ್ಡು ಬೇಕಿಲ್ಲ. ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶದಲ್ಲಿ ಊರಿನ ಹೆಸರು, ದಿನಾಂಕ ಕೊಟ್ಟರೆ ಆ ಹೊತ್ತಿನ ಆಕಾಶ ಪರದೆಯ ಮೇಲೆ ತೆರೆದುಕೊಳ್ಳುತ್ತದೆ. ಭೂಮಿಯ ಚಿತ್ರ, ಚಂದ್ರನ ಕಲೆಗಳು, ಮಂಗಳದ ನೆಲ, ಅಂತರಿಕ್ಷ ನಿಲ್ದಾಣದ ದಾರಿ ಎಲ್ಲವೂ ಬಿಟ್ಟಿಯಾಗಿ ಸಿಗುವ ಕಾಲ ಇದು. ಆದರೆ ಈ ಸಂಪತ್ತು ಐದನೇ ತರಗತಿಯ ಬೆಂಚಿನವರೆಗೆ ನಡೆದುಬರಲು ಐವತ್ತು ವರ್ಷ ತೆಗೆದುಕೊಂಡಿತು. ಕೊನೆಯ ನಾಲ್ಕು ಹೆಜ್ಜೆ ಇನ್ನೂ ಬಾಕಿ ಇವೆ.

ಕೋಳಿಬಲೆಯ ಕೊಡೆಯಲ್ಲಿ ಬಂದ ಪಾಠ

ಕರ್ನಾಟಕದ ಮಟ್ಟಿಗೆ ಕಥೆ 1975ರಿಂದ ಶುರು. ಆ ವರ್ಷದ ಏಪ್ರಿಲ್ 19ರಂದು, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ರೂಪುಗೊಂಡ ಆರ್ಯಭಟ ಉಪಗ್ರಹ ಸೋವಿಯತ್ ನೆಲದಿಂದ ಹಾರಿತು. ಅದರ ಸಾರಥಿ ಯು.ಆರ್. ರಾವ್ ಉಡುಪಿ ಸೀಮೆಯ ಅದಮಾರಿನವರು. ಭಟ್ಕಳದಿಂದ ದಕ್ಷಿಣಕ್ಕೆ ಹೊರಟರೆ ಅರ್ಧ ದಿನವೂ ಬೇಡದ ಊರು. ಅದೇ ವರ್ಷದ ಆಗಸ್ಟ್ 1ರಂದು ಇನ್ನೊಂದು ಪ್ರಯೋಗ ಆರಂಭವಾಯಿತು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಎರವಲು ಕೊಟ್ಟಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಆಕಾಶದಿಂದ ನೇರವಾಗಿ ಟಿವಿ ಪಾಠ ಇಳಿಯಿತು. ಕೋಳಿಗೂಡಿನ ತಂತಿಬಲೆಯಿಂದ ಮಾಡಿದ ದೊಡ್ಡ ಕೊಡೆಯಂಥ ಆಂಟೆನಾ ಅದನ್ನು ಹಿಡಿಯುತ್ತಿತ್ತು. ಸೈಟ್ ಎಂದು ಹೆಸರಾದ ಈ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಇಪ್ಪತ್ತೆರಡೂವರೆ ನಿಮಿಷದ ಕನ್ನಡ ಕಾರ್ಯಕ್ರಮ ಬರುತ್ತಿತ್ತು.

1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು, ಉಪಗ್ರಹವನ್ನು ಅಮೆರಿಕ ಹಿಂದಕ್ಕೆ ಕರೆಸಿಕೊಂಡಿತು. ಭಟ್ಕಳ ಸೇರಿದ ಉತ್ತರ ಕನ್ನಡ ಜಿಲ್ಲೆಗೆ ಅದರ ಪಾಲು ಸಿಗಲೇ ಇಲ್ಲ. ಆದರೆ ಒಂದು ಮಾತು ಅಂದೇ ಸ್ಪಷ್ಟವಾಗಿತ್ತು: ಪಾಠ ಆಕಾಶದಿಂದ ಬಂದರೂ ಅದನ್ನು ಬಿಡಿಸಿ ಹೇಳಲು ಕೆಳಗೊಬ್ಬ ಮೇಷ್ಟ್ರು ಬೇಕು. ಹಾಗಾಗಿ ಆ ಪ್ರಯೋಗದಲ್ಲೇ ಪ್ರಾಥಮಿಕ ಶಾಲಾ ಶಿಕ್ಷಕರ ವಿಜ್ಞಾನ ತರಬೇತಿಯೂ ಸೇರಿತ್ತು.

ಗ್ರಹಣ ಮತ್ತು ಮುಚ್ಚಿದ ಬಾಗಿಲು

ಕರಾವಳಿಯ ಪಾಲಿಗೆ ಆಕಾಶವೇ ಪಾಠ ಮಾಡಲು ಬಂದದ್ದು 1980ರ ಫೆಬ್ರುವರಿ 16ರ ಶನಿವಾರ. ಅಂದು ಖಗ್ರಾಸ ಸೂರ್ಯಗ್ರಹಣದ ನೆರಳು ಅರಬ್ಬಿ ಸಮುದ್ರ ದಾಟಿ ಕಾರವಾರ–ಅಂಕೋಲಾ ಭಾಗದಲ್ಲಿ ನೆಲ ಮುಟ್ಟಿತು. ಹುಬ್ಬಳ್ಳಿ, ರಾಯಚೂರಿನ ಮೇಲೆ ಹಾದು ಪೂರ್ವಕ್ಕೆ ಹೋಯಿತು. ಹುಬ್ಬಳ್ಳಿಯ ಬಳಿಯಲ್ಲೂ ರಾಯಚೂರು ಜಿಲ್ಲೆಯ ಜವಳಗೇರಾದಲ್ಲೂ ವಿಜ್ಞಾನಿಗಳು ಬಿಡಾರ ಹೂಡಿ ದುರ್ಬೀನು ನಿಲ್ಲಿಸಿದರು. ಊರವರಲ್ಲಿ ಅನೇಕರು ಬಾಗಿಲು ಹಾಕಿಕೊಂಡು ಒಳಗೆ ಕುಳಿತರು. ಹಗಲಲ್ಲೇ ನಕ್ಷತ್ರ ಕಾಣುವ ಆ ಎರಡು ನಿಮಿಷಕ್ಕೂ ಮೀರಿದ ಹೊತ್ತು, ನೋಡುವ ಕ್ರಮ ತಿಳಿಯದೆ ಬಹಳ ಮಂದಿ ಮಕ್ಕಳ ಕೈತಪ್ಪಿತು.

ಅದೇ ವರ್ಷ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿತು. ‘ಬಾಲ ವಿಜ್ಞಾನ’ ಮಾಸಪತ್ರಿಕೆ ಅದಕ್ಕೂ ಸ್ವಲ್ಪ ಮೊದಲು, 1978ರಲ್ಲೇ ಹೊರಬಂದಿತ್ತು. ಇನ್ನೂ ಹಿಂದೆ ಹೋದರೆ ಶಿವರಾಮ ಕಾರಂತರ ‘ಬಾಲ ಪ್ರಪಂಚ’ ಮತ್ತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳಿವೆ, ಜಿ.ಟಿ. ನಾರಾಯಣರಾಯರಂಥವರು ಬರೆದ ನಕ್ಷತ್ರ ವೀಕ್ಷಣೆಯ ಪುಸ್ತಕಗಳಿವೆ. ಇವು ಉಚಿತವಾಗಿರಲಿಲ್ಲ, ಆದರೆ ಮುಂದೆ ಉಚಿತವಾಗಿ ಬಂದ ಸಾಮಗ್ರಿಗೆ ಬೇಕಾದ ಮಾತನ್ನು ಕೊಟ್ಟವು. ಕಕ್ಷೆ, ಧೂಮಕೇತು, ನೀಹಾರಿಕೆ ಎಂದು ಮಗು ಕನ್ನಡದಲ್ಲಿ ಹೇಳಬಲ್ಲದ್ದು ಆ ತಲೆಮಾರಿನ ದುಡಿಮೆಯಿಂದ. 1989ರಲ್ಲಿ ಬೆಂಗಳೂರಿನಲ್ಲಿ ಜವಾಹರಲಾಲ್ ನೆಹರು ತಾರಾಲಯ ತೆರೆಯಿತು. 2018ರಲ್ಲಿ ಮಂಗಳೂರಿನ ಪಿಲಿಕುಳದಲ್ಲಿ ಸ್ವಾಮಿ ವಿವೇಕಾನಂದ ತಾರಾಲಯ ಬಂದ ಮೇಲೆ ಕುಮಟಾದ ಮಕ್ಕಳಿಗೆ ತಾರಾಲಯವೊಂದು ಶಾಲಾ ಪ್ರವಾಸದ ಅಳತೆಗೆ ಸಿಕ್ಕಿತು.

ಬೀಗ ತೆರೆದ ದಶಕ

ಜಗತ್ತಿನ ಮಟ್ಟದಲ್ಲಿ ಬೀಗ ತೆರೆದದ್ದು ಅಂತರ್ಜಾಲ. ನಾಸಾ ತೆಗೆದ ಚಿತ್ರಗಳಿಗೆ ಸಾಮಾನ್ಯವಾಗಿ ಹಕ್ಕುಸ್ವಾಮ್ಯದ ಅಡ್ಡಿಯಿಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಮುದ್ರಿಸಿ ಗೋಡೆಗೆ ಅಂಟಿಸಬಹುದು. 1995ರ ಜೂನ್‌ನಿಂದ ದಿನಕ್ಕೊಂದು ಖಗೋಳ ಚಿತ್ರ ಬರತೊಡಗಿತು. 1998ರಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆಂದೇ ‘ಸ್ಪೇಸ್ ಪ್ಲೇಸ್’ ಎಂಬ ತಾಣ ತೆರೆಯಿತು. ಚಿತ್ರ, ಆಟ, ಕಾಗದ ಕತ್ತರಿಸಿ ಅಂಟಿಸುವ ಚಟುವಟಿಕೆ ಎಲ್ಲ ಇದ್ದವು. ಇದ್ದ ಭಾಷೆಗಳು ಮಾತ್ರ ಇಂಗ್ಲಿಷ್ ಮತ್ತು ಸ್ಪ್ಯಾನಿಷ್.

ಇನ್ನೂ ದೊಡ್ಡ ತಿರುವು 2008ರದು. 1972ರಿಂದ ಭೂಮಿಯ ಚಿತ್ರ ತೆಗೆಯುತ್ತಿದ್ದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಸಂಗ್ರಹವನ್ನು ಅಮೆರಿಕ ಎಲ್ಲರಿಗೂ ಉಚಿತವಾಗಿಸಿತು. ಮರುವರ್ಷ ಆಗಸ್ಟ್‌ನಲ್ಲಿ ಇಸ್ರೋ ‘ಭುವನ್’ ಎಂಬ ನಕ್ಷೆಯ ತಾಣ ತಂದಿತು. ಮುಂದೆ ಶಾಲಾ ಮಕ್ಕಳಿಗೆಂದು ‘ಸ್ಕೂಲ್ ಭುವನ್’ ಕೂಡ ಬಂತು. ಇವಕ್ಕೂ ಮೊದಲು, 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಹಾರಿದ ಎಜುಸ್ಯಾಟ್ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠ ಮುಟ್ಟಿಸಿತು. ಅದು ಸೈಟ್‌ನ ಮೊಮ್ಮಗು ಇದ್ದಂತೆ: ಮೇಲಿನಿಂದ ಮಾತಾಡುವವರು ಒಬ್ಬರು, ಕೆಳಗೆ ಕೇಳುವವರು ಸಾವಿರ. ಭುವನ್, ಲ್ಯಾಂಡ್‌ಸ್ಯಾಟ್‌ಗಳ ದಾರಿ ಬೇರೆ. ಅಲ್ಲಿ ಏನು ನೋಡಬೇಕೆಂದು ನೋಡುವವರೇ ತೀರ್ಮಾನಿಸಬಹುದು.

ಹೊನ್ನಾವರದ ಮಗುವೊಂದು ಮೊದಲು ಹುಡುಕುವುದು ತನ್ನ ಮನೆಯನ್ನೇ. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದೊಂದು ಚುಕ್ಕಿ 30 ಮೀಟರ್ ಉದ್ದ, 30 ಮೀಟರ್ ಅಗಲ. ಮನೆಯೂ ಬಾವಿಯೂ ತೆಂಗಿನ ತೋಟದ ತುಂಡೂ ಒಂದೇ ಚುಕ್ಕಿಯಲ್ಲಿ ಕರಗಿರುತ್ತವೆ. ಅಳತೆಯ ಪಾಠ ಅಲ್ಲಿಂದಲೇ ಹೊರಡುತ್ತದೆ. ಶರಾವತಿಯ ಅಳಿವೆ, ಅದರ ನಡುಗಡ್ಡೆ ಮಾವಿನಕುರ್ವ, ಕುಮಟಾ ಬದಿಯಲ್ಲಿ ಅಘನಾಶಿನಿಯ ಅಗಲವಾದ ಬಾಯಿ, ಅದರ ದಡದ ಗಜನಿ ಗದ್ದೆ ಮತ್ತು ಕಾಂಡ್ಲಾ ಕಾಡು, ಗೋಕರ್ಣದ ಓಂ ಕಡಲತೀರದ ತಿರುವು, ಮುರ್ಡೇಶ್ವರದಾಚೆ ಕಡಲಲ್ಲಿ ಒಂಟಿಯಾಗಿ ಕೂತ ನೇತ್ರಾಣಿ ಎಲ್ಲವೂ ಮೇಲಿನಿಂದ ಬೇರೆಯೇ ಕಾಣುತ್ತವೆ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ತಡೆದು ಬರುವ ಶರಾವತಿಯನ್ನೂ ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯನ್ನೂ ಒಂದೇ ಪರದೆಯಲ್ಲಿ ಅಕ್ಕಪಕ್ಕ ಇಡಬಹುದು. ಅಘನಾಶಿನಿಯ ಇಳಿತದಲ್ಲಿ ಚಿಪ್ಪಿಕಲ್ಲು ಆರಿಸುವ ಮನೆಯ ಮಗುವಿಗೆ ಆ ಚಿತ್ರ ಓದಲು ಪಠ್ಯಪುಸ್ತಕದ ಸಹಾಯ ಬೇಕಾಗದು.

ನಾಲ್ಕು ಮಾತು, ಒಂದು ಚಂದ್ರ

ಭಾಷೆಯ ಗಡಿ ದಾಟುವ ಕೆಲಸ ಕಳೆದ ಹದಿನೈದು ವರ್ಷಗಳದು. ಶಿಕ್ಷಕರೇ ಬರೆದು ತಿದ್ದಬಹುದಾದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ ಬಂತು. ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ 2015ರಲ್ಲಿ ಮಕ್ಕಳ ಕಥೆಗಳನ್ನು ಯಾರು ಬೇಕಾದರೂ ಓದಿ, ಮುದ್ರಿಸಿ, ಅನುವಾದಿಸಬಹುದಾದ ಪರವಾನಗಿಯಲ್ಲಿ ಬಿಟ್ಟಿತು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಹುಟ್ಟಿದ ‘ಫೆಟ್’ ಕಂಪ್ಯೂಟರ್ ಪ್ರಯೋಗಗಳು ಕನ್ನಡಕ್ಕೂ ಬಂದವು. 2017ರ ಶಿಕ್ಷಕರ ದಿನಾಚರಣೆಯಂದು ಆರಂಭವಾದ ‘ದೀಕ್ಷಾ’ ವೇದಿಕೆಯ ಕ್ಯೂಆರ್ ಕೋಡುಗಳು ಪಠ್ಯಪುಸ್ತಕದ ಪುಟದಲ್ಲೇ ಅಚ್ಚಾದವು. ಕೋವಿಡ್ ಕಾಲದಲ್ಲಿ ದೂರದರ್ಶನ ಚಂದನದ ‘ಸಂವೇದ’ ಪಾಠಗಳು ಐವತ್ತು ವರ್ಷ ಹಿಂದಿನ ಟಿವಿ ಶಾಲೆಯನ್ನು ಮತ್ತೆ ನೆನಪಿಸಿದವು.

ಆದರೆ ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲ್ಲೂಕುಗಳಲ್ಲಿ ಕನ್ನಡಕ್ಕೆ ತಂದರೂ ಕೆಲಸ ಮುಗಿಯುವುದಿಲ್ಲ. ಭಟ್ಕಳದಲ್ಲಿ ಮನೆಮಾತು ನವಾಯತಿ, ಶಾಲೆಯ ಮಾತು ಉರ್ದು ಆಗಿರುವ ಮಕ್ಕಳಿದ್ದಾರೆ. ಮೀನುಗಾರ ಖಾರ್ವಿಗಳ ಮಕ್ಕಳು ಕೊಂಕಣಿಯಾಡುತ್ತಾರೆ. ಹಾಲಕ್ಕಿಗಳ ಕನ್ನಡ ಪುಸ್ತಕದ ಕನ್ನಡವಲ್ಲ. ಇಲ್ಲಿ ಮಾತಿಗಿಂತ ಮೊದಲು ಒದಗುವುದು ಚಿತ್ರ ಮತ್ತು ಅನುಭವ. ರಂಜಾನ್ ಮುಗಿಯುವ ಸಂಜೆ ಕಡಲಿನ ಮೇಲೆ ಎಳೆಚಂದ್ರನನ್ನು ಹುಡುಕುವ ಮಗುವೂ, ಚೌತಿಯ ರಾತ್ರಿ ಚಂದ್ರನನ್ನು ನೋಡಬಾರದೆಂದು ಅಜ್ಜಿ ಗದರಿದ ಮಗುವೂ ಒಂದೇ ಬೆಂಚಿನಲ್ಲಿ ಕೂರಬಹುದು. ಮೊದಲನೆಯದು ಹುಡುಕುವ ಚಂದ್ರನಿಗೆ ಒಂದೆರಡು ದಿನದ ವಯಸ್ಸು, ಎರಡನೆಯದಕ್ಕೆ ನಿಷಿದ್ಧನಾದ ಚಂದ್ರನಿಗೆ ನಾಲ್ಕು ದಿನ. ನಾಸಾದ ‘ಡಯಲ್-ಎ-ಮೂನ್’ ಪುಟ ವರ್ಷದ ಪ್ರತಿ ಗಂಟೆಯ ಚಂದ್ರನನ್ನು ತೋರಿಸುತ್ತದೆ. ಅದರಲ್ಲಿ ಎರಡನ್ನೂ ತೆಗೆದು ಪಕ್ಕಪಕ್ಕ ಇಟ್ಟರೆ ಕಲೆಗಳ ಪಾಠ ಅರ್ಧ ಮುಗಿದಂತೆ.

ಉಳಿದರ್ಧ ಬಂದರಿನಲ್ಲಿದೆ. ಅಮಾವಾಸ್ಯೆ, ಹುಣ್ಣಿಮೆಗೆ ಭರತ ಜೋರು ಎಂಬುದು ತದಡಿ, ಕಾಸರಕೋಡು, ಭಟ್ಕಳದ ದೋಣಿಯವರಿಗೆ ಯಾರೂ ಕಲಿಸಬೇಕಿಲ್ಲ. ಅವರ ಕಸುಬಿನೊಳಗೆ ಉಪಗ್ರಹ ಹೊಕ್ಕು ಎಷ್ಟೋ ಕಾಲವಾಗಿದೆ. ಸಮುದ್ರದ ಮೇಲ್ಮೈಯ ಬಿಸಿ ಮತ್ತು ನೀರಿನ ಹಸಿರನ್ನು ಉಪಗ್ರಹದಿಂದ ಅಳೆದು, ಮೀನು ಎಲ್ಲಿ ನೆರೆದಿರಬಹುದೆಂದು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನುಗಾರರಿಗೆ ಉಚಿತ ಮುನ್ಸೂಚನೆ ಕೊಡುತ್ತದೆ. ಅಪ್ಪನ ಮೊಬೈಲಿಗೆ ಬರುವ ಆ ಸೂಚನೆಯೇ ಏಳನೇ ತರಗತಿಗೆ ಒಳ್ಳೆಯ ವಿಜ್ಞಾನ ಪಾಠ: ಸೂಕ್ಷ್ಮ ಸಸ್ಯವಿದ್ದಲ್ಲಿ ನೀರು ಹಸಿರು, ಹಸಿರಿದ್ದಲ್ಲಿ ಸಣ್ಣ ಮೀನು, ಅದರ ಹಿಂದೆ ದೊಡ್ಡದು.

2023ರ ನಂತರ

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ಇಳಿದಾಗ ಇಸ್ರೋದ ಯೂಟ್ಯೂಬ್ ನೇರಪ್ರಸಾರವನ್ನು ಏಕಕಾಲಕ್ಕೆ 80 ಲಕ್ಷಕ್ಕೂ ಹೆಚ್ಚು ಮಂದಿ ನೋಡುತ್ತಿದ್ದರು. ಅದನ್ನು ಮಕ್ಕಳಿಗೆ ತೋರಿಸುವಂತೆ ಶಾಲೆಗಳಿಗೆ ಸೂಚನೆ ಹೋಗಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಎನ್‌ಸಿಇಆರ್‌ಟಿ ಬೇರೆ ಬೇರೆ ತರಗತಿಗಳಿಗೆ ಚಂದ್ರಯಾನದ ಪಾಠಮಾಲೆ ಬಿಡುಗಡೆ ಮಾಡಿತು. ಆಗಸ್ಟ್ 23 ರಾಷ್ಟ್ರೀಯ ಬಾಹ್ಯಾಕಾಶ ದಿನವಾಯಿತು. ಅಕ್ಟೋಬರ್ 4ರಿಂದ 10ರವರೆಗೆ ವಿಶ್ವ ಬಾಹ್ಯಾಕಾಶ ಸಪ್ತಾಹವೂ ಇದೆ. ಅಷ್ಟರಲ್ಲಿ ಕರಾವಳಿಯ ಮೋಡ ಸ್ವಲ್ಪ ಸ್ವಲ್ಪವೇ ಚದುರತೊಡಗಿರುತ್ತದೆ.

ಇಲ್ಲಿಂದ ಮುಂದಿನ ಹೊಣೆ ಬೀಳುವುದು ಶಿಕ್ಷಕರ ಮೇಲೆ. ಕುಮಟಾದಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಿದೆ, ಕಮಲಾ ಬಾಳಿಗಾ ಶಿಕ್ಷಣ ಮಹಾವಿದ್ಯಾಲಯವಿದೆ. ಸಾಮಗ್ರಿಯ ರಾಶಿಯಿಂದ ಈ ಕರಾವಳಿಗೆ ಒಗ್ಗುವ ಹತ್ತು ಚಟುವಟಿಕೆ ಆರಿಸಿ, ಇಲ್ಲಿನ ಮಾತಿನಲ್ಲಿ, ನೆಟ್‌ವರ್ಕ್ ಇಲ್ಲದ ಶಾಲೆಗೂ ಮುದ್ರಿಸಿ ಮುಟ್ಟಿಸುವುದು ಇಂಥ ಜಾಗಗಳಿಂದ ಆಗಬಹುದಾದ ಕೆಲಸ. ಒಂದು ಉದಾಹರಣೆ: ಭಟ್ಕಳದ ಶಾಲೆಯೂ ಸುಮಾರು 4 ಡಿಗ್ರಿ ಉತ್ತರಕ್ಕಿರುವ ಬೀದರಿನ ಶಾಲೆಯೂ ಡಿಸೆಂಬರ್‌ನ ಒಂದೇ ದಿನ, ತಂತಮ್ಮ ನಡುಮಧ್ಯಾಹ್ನಕ್ಕೆ, ಒಂದು ಮೀಟರ್ ಕೋಲಿನ ನೆರಳು ಅಳೆದು ವಾಟ್ಸಾಪ್‌ನಲ್ಲಿ ಹಂಚಿಕೊಂಡರೆ ಭೂಮಿಯ ಸುತ್ತಳತೆ ಲೆಕ್ಕ ಹಾಕಬಹುದು. ಎರಡೂ ಊರುಗಳ ಉತ್ತರ–ದಕ್ಷಿಣ ಅಂತರ ಭುವನ್ ನಕ್ಷೆಯಲ್ಲಿ ಸಿಗುತ್ತದೆ. ಕೋಲಿಗೆ ಖರ್ಚಿಲ್ಲ.

2027ರ ಆಗಸ್ಟ್ 2, ಸೋಮವಾರ, ಇನ್ನೊಂದು ಸೂರ್ಯಗ್ರಹಣವಿದೆ. ಈಜಿಪ್ಟಿನ ಲಕ್ಸರ್‌ನಲ್ಲಿ ಆರು ನಿಮಿಷಕ್ಕೂ ಹೆಚ್ಚು ಹೊತ್ತು ಹಗಲು ಕತ್ತಲಾಗುತ್ತದೆ. ಇಲ್ಲಿ ಸಂಜೆಯ ಹೊತ್ತು ಸೂರ್ಯನ ಒಂದು ಅಂಚು ಮಾತ್ರ ಮರೆಯಾಗುತ್ತದೆ, ಅದೂ ಮೋಡ ಬಿಟ್ಟುಕೊಟ್ಟರೆ. ಮಳೆ ಹಿಡಿದು ಹೆಂಚಿನ ಮೇಲೆ ಸದ್ದು ಮಾಡುತ್ತಿದ್ದರೆ, ಆ ಸಂಜೆ ಹೊನ್ನಾವರದ ಮಕ್ಕಳು ಲಕ್ಸರ್‌ನ ಆಕಾಶವನ್ನು ಒಂದು ಮೊಬೈಲಿನ ಸುತ್ತ ಮುತ್ತಿಕೊಂಡು ನೋಡಬೇಕಾದೀತು.