ಕೆಂಪು ಚುಕ್ಕಿಯಿಂದ ಆರನೆಯ ಬೆರಳಿನವರೆಗೆ

ಕಾವಿಗೆ ಕೂರಿಸಿದ ಕೋಳಿಮೊಟ್ಟೆಯನ್ನು ಮೂರನೆಯ ದಿನ ಒಡೆದು ನೋಡಿದರೆ ಹಳದಿಯ ಮೇಲೆ ಕೆಂಪು ಚುಕ್ಕಿಯೊಂದು ಮಿಡಿಯುತ್ತಿರುತ್ತದೆ. ಅರಿಸ್ಟಾಟಲ್ ಇದನ್ನು ನೋಡಿ ಬರೆದಿಟ್ಟಿದ್ದಾನೆ. ಇಪ್ಪತ್ತೊಂದನೆಯ ದಿನ ಕೊಕ್ಕು, ರೆಕ್ಕೆ, ಉಗುರುಗಳ ಸಮೇತ ಮರಿ ಹೊರಬರುತ್ತದೆ. ಆ ಲೋಳೆಯಲ್ಲಿ ಇಷ್ಟೆಲ್ಲ ಆಕಾರ ಎಲ್ಲಿ ಅಡಗಿತ್ತು? ಪುಟ್ಟ ಜೀವಿಯೊಂದು ಮೊದಲೇ ಪೂರ್ಣವಾಗಿ ಒಳಗೆ ಕೂತಿರುತ್ತದೆ, ಬೆಳೆಯುವುದೆಂದರೆ ಅದು ಉಬ್ಬುವುದಷ್ಟೇ ಎಂದು 17ನೆಯ ಶತಮಾನದ ಅನೇಕ ವಿದ್ವಾಂಸರು ನಂಬಿದ್ದರು. ಅಂಗಗಳು ಹಂತಹಂತವಾಗಿ ಹೊಸದಾಗಿಯೇ ಮೂಡುತ್ತವೆ ಎಂದು 1759ರಲ್ಲಿ ಕಾಸ್ಪರ್ ಫ್ರೀಡ್ರಿಶ್ ವೋಲ್ಫ್ ವಾದಿಸಿದ. ಆದರೆ ಯಾವ ಬಲ ಅವನ್ನು ಮೂಡಿಸುತ್ತದೆ ಎಂಬುದಕ್ಕೆ ಅವನಲ್ಲೂ ಸರಿಯಾದ ಉತ್ತರವಿರಲಿಲ್ಲ.

ಉತ್ತರ ಹುಡುಕಲು ಕೈ ಹಚ್ಚಿದ್ದು 19ನೆಯ ಶತಮಾನದ ಕೊನೆಯಲ್ಲಿ. ಎರಡು ಕೋಶಗಳಾಗಿ ಸೀಳಿದ್ದ ಕಪ್ಪೆಯ ಭ್ರೂಣವನ್ನು ವಿಲ್ಹೆಲ್ಮ್ ರೂ ತೆಗೆದುಕೊಂಡು, ಅದರ ಒಂದು ಕೋಶವನ್ನು ಕಾದ ಸೂಜಿಯಿಂದ ಚುಚ್ಚಿ ಕೊಂದ. ಉಳಿದದ್ದು ಅರ್ಧ ಭ್ರೂಣವಾಗಿ ಬೆಳೆಯಿತು. ಅಂದರೆ ಪ್ರತಿ ಕೋಶಕ್ಕೂ ಅದರ ಪಾಲು ಮೊದಲೇ ಹಂಚಿಕೆಯಾಗಿದೆ ಎಂದು 1888ರಲ್ಲಿ ಆತ ಪ್ರಕಟಿಸಿದ. ಮೂರೇ ವರ್ಷಗಳಲ್ಲಿ ಹಾನ್ಸ್ ಡ್ರೀಶ್, ಮೈಯೆಲ್ಲ ಮುಳ್ಳಿರುವ ಸೀ ಅರ್ಚಿನ್ ಎಂಬ ಕಡಲಜೀವಿಯ ಭ್ರೂಣದ ಎರಡು ಕೋಶಗಳನ್ನು ಕುಲುಕಿ ಬೇರ್ಪಡಿಸಿದ. ಗಾತ್ರದಲ್ಲಿ ಚಿಕ್ಕದಾದರೂ ಒಂದೊಂದೂ ಪೂರ್ತಿ ಮರಿಯಾಯಿತು. ಇಬ್ಬರಲ್ಲಿ ಯಾರು ಸರಿ? ರೂನ ಪ್ರಯೋಗದಲ್ಲಿ ಸತ್ತ ಕೋಶ ಅಂಟಿಕೊಂಡೇ ಇತ್ತು. ಅದನ್ನು ಪೂರ್ತಿ ತೆಗೆದುಹಾಕಿದರೆ ಕಪ್ಪೆಯ ಕೋಶವೂ ಇಡೀ ಭ್ರೂಣವಾಗಬಲ್ಲದು ಎಂದು ಮುಂದೆ ತಿಳಿಯಿತು. ತಾನು ಒಂಟಿಯೆಂಬುದು ಬದುಕಿದ ಕೋಶಕ್ಕೆ ಗೊತ್ತಾಗಿರಲಿಲ್ಲ. ನನ್ನ ಮಟ್ಟಿಗೆ ಭ್ರೂಣಶಾಸ್ತ್ರದ ಬೀಜ ಇರುವುದೇ ಇಲ್ಲಿ: ಕೋಶ ತಾನೇನಾಗಬೇಕೆಂದು ನೆರೆಹೊರೆಯನ್ನು ಕೇಳಿ ತಿಳಿದುಕೊಳ್ಳುತ್ತದೆ.

ಆ ಮಾತುಕತೆಯನ್ನು ಕಣ್ಣಿಗೆ ಕಾಣುವಂತೆ ತೋರಿಸಿದವಳು ಹಿಲ್ಡೆ ಮಾಂಗೋಲ್ಡ್. ಜರ್ಮನಿಯ ಫ್ರೈಬುರ್ಗ್‌ನಲ್ಲಿ ಹಾನ್ಸ್ ಸ್ಪೆಮಾನ್‌ನ ವಿದ್ಯಾರ್ಥಿನಿ. ನೋಡಲು ಹಲ್ಲಿಯಂತಿದ್ದರೂ ಕಪ್ಪೆಯ ಬಳಗಕ್ಕೆ ಸೇರಿದ ನ್ಯೂಟ್ ಎಂಬ ಪ್ರಾಣಿಯ ಭ್ರೂಣದಿಂದ ಬೆನ್ನಿನ ಭಾಗದ ಚೂರೊಂದನ್ನು ಕತ್ತರಿಸಿ, ಇನ್ನೊಂದು ಭ್ರೂಣದ ಹೊಟ್ಟೆಯ ಭಾಗಕ್ಕೆ ಕಸಿಮಾಡಿದಳು. ಕೊಟ್ಟ ತಳಿ ಬಿಳಿಚು, ಪಡೆದ ತಳಿ ಕಪ್ಪು, ಹಾಗಾಗಿ ಯಾವ ಕೋಶ ಯಾರದೆಂದು ಬಣ್ಣವೇ ಹೇಳುತ್ತಿತ್ತು. ಹೊಟ್ಟೆಯ ಕಡೆ ಎರಡನೆಯ ಬೆನ್ನುಹುರಿ ಮೂಡಿತು, ಒಂದೇ ದೇಹಕ್ಕೆ ಅಂಟಿಕೊಂಡು ಎರಡನೆಯ ಮರಿಯೇ ರೂಪುಗೊಂಡಿತು. ಆ ಹೊಸ ಬೆನ್ನುಹುರಿಯ ಬಹುಪಾಲು ಕೋಶಗಳು ಕಪ್ಪು! ಕಸಿಮಾಡಿದ ಚೂರು ತಾನೇ ಮರಿಯಾಗಲಿಲ್ಲ. ಚರ್ಮವಾಗಬೇಕಿದ್ದ ಪಕ್ಕದ ಕೋಶಗಳನ್ನು ನರವಾಗುವಂತೆ ಒಲಿಸಿತು. 1924ರಲ್ಲಿ ಪ್ರಬಂಧ ಪ್ರಕಟವಾದ ವರ್ಷವೇ, ಮನೆಯಲ್ಲಿ ಹೀಟರ್ ಹೊತ್ತಿ ಉರಿದು, ಎಳೆಯ ಮಗುವಿನ ತಾಯಿಯಾಗಿದ್ದ ಹಿಲ್ಡೆ ತೀರಿಕೊಂಡಳು. 1935ರ ನೊಬೆಲ್ ಸ್ಪೆಮಾನ್‌ನೊಬ್ಬನಿಗೇ ಸಂದಿತು. ಆ ಪ್ರಯೋಗದ ಮಾತು ಬಂದಾಗಲೆಲ್ಲ ಅವಳ ಹೆಸರು ಮೊದಲು ಬರಬೇಕೆಂದು ನಾನು ಹಟ ಹಿಡಿಯುತ್ತೇನೆ.

ಆ ಚೂರು ಕಳಿಸಿದ ಸಂದೇಶ ಯಾವುದು ಎಂಬ ಹುಡುಕಾಟಕ್ಕೆ ಸುಮಾರು ಎಪ್ಪತ್ತು ವರ್ಷ ಹಿಡಿಯಿತು. 1990ರ ದಶಕದಲ್ಲಿ ನಾಗಿನ್, ಕಾರ್ಡಿನ್ ಎಂಬ ಪ್ರೋಟೀನ್‌ಗಳು ಸಿಕ್ಕಾಗ ಯಾರೂ ಎಣಿಸದ ಸಂಗತಿ ಹೊರಬಿತ್ತು. ಅವು ‘ನರವಾಗು’ ಎಂದು ಹೇಳುವುದಿಲ್ಲ. ‘ಚರ್ಮವಾಗು’ ಎನ್ನುವ ಇನ್ನೊಂದು ಪ್ರೋಟೀನಿನ ಬಾಯಿ ಮುಚ್ಚಿಸುತ್ತವೆ.

ಅಷ್ಟರಲ್ಲಿ ವಂಶವಾಹಿಗಳ ಕಡೆಯಿಂದಲೂ ದಾರಿ ತೆರೆದಿತ್ತು. ವಂಶವಾಹಿಗಳನ್ನು ಬೇಕೆಂದಾಗ ಹಚ್ಚುವ, ಬೇಡವಾದಾಗ ಆರಿಸುವ ವ್ಯವಸ್ಥೆ ಬ್ಯಾಕ್ಟೀರಿಯಾದಲ್ಲಿದೆ ಎಂದು ಫ್ರಾನ್ಸಿನ ಜಾಕೋಬ್ ಮತ್ತು ಮೊನೊ 1961ರಲ್ಲಿ ವಿವರಿಸಿದರು. ಮರುವರ್ಷ ಜಾನ್ ಗರ್ಡನ್, ಗೊದಮೊಟ್ಟೆಯ ಕರುಳಿನ ಕೋಶದ ಕೇಂದ್ರವನ್ನು ಕಪ್ಪೆಯ ಮೊಟ್ಟೆಗೆ ಸೇರಿಸಿ ಮತ್ತೆ ಗೊದಮೊಟ್ಟೆಗಳನ್ನು ಬೆಳೆಸಿದ್ದನ್ನು ಪ್ರಕಟಿಸಿದರು. ಕರುಳಾದ ಕೋಶ ಕಣ್ಣಿನ ವಂಶವಾಹಿಗಳನ್ನು ಕಳೆದುಕೊಂಡಿರುವುದಿಲ್ಲ, ಆರಿಸಿಟ್ಟಿರುತ್ತದೆ.

ಭ್ರೂಣದಲ್ಲಿ ಅವನ್ನು ಹಚ್ಚುವವರು ಯಾರು? ಇದಕ್ಕೆ ಉತ್ತರ ಕೊಟ್ಟದ್ದು ಬಾಳೆಹಣ್ಣಿನ ಮೇಲೆ ಮುತ್ತುವ ಡ್ರೊಸೊಫಿಲ ನೊಣ. ತಾವು ಕೆಟ್ಟಾಗ ಎರಡು ರೆಕ್ಕೆಯ ಈ ನೊಣಕ್ಕೆ ನಾಲ್ಕು ರೆಕ್ಕೆ ಬರುವಂತೆ ಮಾಡುವ ವಂಶವಾಹಿಗಳನ್ನು ಎಡ್ವರ್ಡ್ ಲೂಯಿಸ್ ದಶಕಗಳ ಕಾಲ ಅಭ್ಯಸಿಸಿದರು. ಕ್ರಿಸ್ಟಿಯಾನೆ ನುಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಶಾಸ್, ಮೈಯ ಪಟ್ಟೆಗಳು ತಪ್ಪಿಹೋದ ಸಾವಿರಾರು ಮರಿಹುಳುಗಳನ್ನು ಸೂಕ್ಷ್ಮದರ್ಶಕದಡಿ ಒಂದೊಂದಾಗಿ ನೋಡಿ ವಿಂಗಡಿಸಿದರು. ಮೂವರಿಗೂ 1995ರಲ್ಲಿ ನೊಬೆಲ್ ಬಂತು. ತಾಯಿನೊಣ ಮೊಟ್ಟೆಯ ಒಂದು ತುದಿಯಲ್ಲಿ ಬೈಕಾಯ್ಡ್ ಎಂಬ ಸಂದೇಶವನ್ನು ಇಟ್ಟಿರುತ್ತಾಳೆ. ಅದರಿಂದ ತಯಾರಾದ ಪ್ರೋಟೀನ್ ದಟ್ಟವಾಗಿರುವ ಕಡೆ ತಲೆ, ತೆಳುವಾಗುತ್ತ ಹೋದಂತೆ ಎದೆ. ಲೂಯಿಸ್ ಕಂಡ ವಂಶವಾಹಿಗಳ ಬಳಗ ಇಲಿಯಲ್ಲೂ ಮನುಷ್ಯನಲ್ಲೂ ಇದೆಯೆಂದು 1984ರ ಹೊತ್ತಿಗೆ ಕಂಡಾಗ ಹಲವರು ದಂಗಾದರು. ನಮ್ಮಲ್ಲಿ ಅಂಥವು 39. ನೊಣದ ಎರಡನೆಯ ಜೋಡಿ ರೆಕ್ಕೆಯ ಜಾಗದಲ್ಲಿರುವ ಗುಂಡಿಯಂಥ ಹಾಲ್ಟೀರ್, ರೆಕ್ಕೆಯಾಗದೆ ಹೇಗೆ ಉಳಿಯುತ್ತದೆ ಎಂಬುದನ್ನು ಎಲ್. ಎಸ್. ಶಶಿಧರ ಅವರ ತಂಡ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲೂ ಮುಂದೆ ಪುಣೆಯ ಐಸರ್‌ನಲ್ಲೂ ವರ್ಷಗಟ್ಟಲೆ ಬಿಡಿಸಿ ನೋಡಿದೆ.

ವಂಶವಾಹಿಗಳು ಒಂದೇ ಆದರೆ ನೊಣ ಬೇರೆ, ಇಲಿ ಬೇರೆ ಆಗುವುದು ಹೇಗೆ? ಈಗ ಗಮನ ಹರಿದಿರುವುದು ವಂಶವಾಹಿಯ ಹೊರಗಿರುವ ಡಿಎನ್‌ಎ ತುಣುಕುಗಳ ಕಡೆಗೆ. ಇವು ವಂಶವಾಹಿ ಯಾವ ಅಂಗದಲ್ಲಿ, ಯಾವ ಗಳಿಗೆಯಲ್ಲಿ ಹತ್ತಬೇಕು ಎಂಬುದನ್ನು ತೀರ್ಮಾನಿಸುವ ಸ್ವಿಚ್ಚುಗಳು. ಕೈಯ ಒಂದು ಅಂಚಿನಲ್ಲಿ ಮಾತ್ರ ಸಾನಿಕ್ ಹೆಡ್ಜ್‌ಹಾಗ್ ಎಂಬ ವಂಶವಾಹಿಯನ್ನು ಹಚ್ಚುವ ಸ್ವಿಚ್ಚು ಅದರಿಂದ ಡಿಎನ್‌ಎಯ ಸುಮಾರು 10 ಲಕ್ಷ ಅಕ್ಷರಗಳಾಚೆ ಇದೆ. ಆ ಸ್ವಿಚ್ಚಿನಲ್ಲಿ ಒಂದೇ ಅಕ್ಷರ ಬದಲಾದರೂ ಹೆಬ್ಬೆರಳಿನ ಪಕ್ಕದಲ್ಲಿ ಇನ್ನೊಂದು ಬೆರಳು ಮೂಡಬಹುದು. ನಮ್ಮ ಕಡೆ ಅದೃಷ್ಟವೆಂದು ಕೆಲವರು ಹೇಳುವ ಆರನೆಯ ಬೆರಳಿಗೆ ಇದೂ ಒಂದು ಕಾರಣ. ವಂಶವಾಹಿ ಕೆಟ್ಟಿರುವುದಿಲ್ಲ, ಹತ್ತಬಾರದ ಅಂಚಿನಲ್ಲೂ ಅದು ಹತ್ತಿಕೊಂಡಿರುತ್ತದೆ.

ಹಾವಿಗೂ ಆ ವಂಶವಾಹಿ ಇದೆ, ಆದರೆ ಸ್ವಿಚ್ಚು ಸವೆದುಹೋಗಿದೆ. 2016ರಲ್ಲಿ ಇಲಿಯ ಸ್ವಿಚ್ಚನ್ನು ತೆಗೆದು ಹಾವಿನದನ್ನು ಕೂರಿಸಿದಾಗ ಹುಟ್ಟಿದ ಇಲಿಮರಿಗಳಿಗೆ ಕಾಲಿನ ಜಾಗದಲ್ಲಿ ಮೋಟುಗಳಷ್ಟೇ ಇದ್ದವು. ಹೆಬ್ಬಾವಿನ ಸ್ವಿಚ್ಚಿನಲ್ಲಿ ಕಳೆದುಹೋಗಿದ್ದ 17 ಅಕ್ಷರಗಳನ್ನು ಮರಳಿ ಸೇರಿಸಿದರು. ಇಲಿಗೆ ಕಾಲುಗಳು ಪೂರ್ತಿ ಬಂದವು.