ಕುರ್ತುಬಾ ಮಸೀದಿಯ ಗಂಟೆಗಳು

ದಕ್ಷಿಣ ಸ್ಪೇನಿನಲ್ಲಿ ಹರಿಯುವ ದೊಡ್ಡ ನದಿಯ ಹೆಸರು ಗ್ವಾದಲ್‌ಕಿವೀರ್. ಅರಬಿಯ 'ಅಲ್ ವಾದಿ ಅಲ್ ಕಬೀರ್' ಎಂಬ ಹೆಸರೇ ಸ್ಪೇನಿಗರ ನಾಲಗೆಯಲ್ಲಿ ಈ ರೂಪ ತಾಳಿದೆ. ಅದರ ದಂಡೆಯ ಮೇಲಿರುವ ಕೊರ್ದೋಬಾ ನಗರವನ್ನು ಅರಬರು ಕುರ್ತುಬಾ ಎಂದು ಕರೆದರು. ರೋಮನರ ಕಾಲದ ಸೇತುವೆಯಲ್ಲಿ ನಿಂತು ನೋಡಿದರೆ ಕೋಟೆಯಂತಹ ಗೋಡೆಗಳು, ಅವುಗಳ ನಡುವೆ ಚಾವಣಿಯನ್ನು ಸೀಳಿಕೊಂಡು ಮೇಲೆದ್ದ ಚರ್ಚೊಂದು ಕಾಣುತ್ತದೆ. ಜಗತ್ಪ್ರಸಿದ್ಧ ಕುರ್ತುಬಾ ಮಸೀದಿ ಇದೇ.

ಹೊರಗಿನಿಂದ ಅಂತಹ ವಿಶೇಷವೇನೂ ಇಲ್ಲ. ಕಿತ್ತಳೆ ಮರಗಳ ಅಂಗಳ ದಾಟಿ ಒಳಹೊಕ್ಕರೆ ಮಾತ್ರ ಮನುಷ್ಯ ಮೂಕನಾಗುತ್ತಾನೆ. ಎಂಟುನೂರಕ್ಕೂ ಮಿಕ್ಕಿದ ಕಂಬಗಳು. ಅವುಗಳ ಮೇಲೆ ಕೆಂಪು ಇಟ್ಟಿಗೆ ಮತ್ತು ಬಿಳಿಗಲ್ಲನ್ನು ಒಂದಾದ ಮೇಲೊಂದು ಜೋಡಿಸಿದ ಕಮಾನುಗಳು. ಆರಂಭದ ಭಾಗದ ಕಂಬಗಳಲ್ಲಿ ಹೆಚ್ಚಿನವು ಹಳೆಯ ರೋಮನ್ ಮತ್ತು ವಿಸಿಗೋಥ್ ಕಟ್ಟಡಗಳಿಂದ ಬಂದವು. ಅವು ಗಿಡ್ಡ. ಚಾವಣಿಯನ್ನು ಎತ್ತರಿಸಲು ಶಿಲ್ಪಿಗಳು ಕಮಾನಿನ ಮೇಲೆ ಕಮಾನು ಇರಿಸಿದರು. ಕೊರತೆಯೇ ಇಲ್ಲಿ ಸೌಂದರ್ಯವಾಯಿತು.

750ರಲ್ಲಿ ಅಬ್ಬಾಸಿಗಳು ಅಮವೀ ಮನೆತನವನ್ನು ಕೊಚ್ಚಿ ಹಾಕಿದಾಗ ತಪ್ಪಿಸಿಕೊಂಡ ರಾಜಕುಮಾರ ಅಬ್ದುರ್‍ರಹ್ಮಾನ್ 756ರಲ್ಲಿ ಇಲ್ಲಿ ಅಧಿಕಾರ ಹಿಡಿದನು. ಸುಮಾರು 785ರಲ್ಲಿ ಮಸೀದಿಯ ಕೆಲಸ ಆರಂಭಿಸಿದವನು ಆತನೇ. ಆ ಸ್ಥಳದಲ್ಲಿದ್ದ ಚರ್ಚನ್ನು ಕ್ರೈಸ್ತರಿಂದ ಹಣ ಕೊಟ್ಟು ಖರೀದಿಸಲಾಯಿತೆಂದು ಅರಬ್ ಚರಿತ್ರಕಾರರು ಬರೆದಿದ್ದಾರೆ. ಪುರಾತತ್ವಜ್ಞರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಹತ್ತನೇ ಶತಮಾನದಲ್ಲಿ ಎರಡನೇ ಅಲ್ ಹಕಮ್ ಕಟ್ಟಿಸಿದ ಮಿಹ್ರಾಬಿನ ಹೊಳೆಯುವ ಮೊಸಾಯಿಕ್ ಕೆಲಸಕ್ಕೆ ಕುಶಲಕರ್ಮಿಯನ್ನು ಕಳುಹಿಸಿದವನು ಬೈಝಾಂಟಿಯಂನ ಕ್ರೈಸ್ತ ಚಕ್ರವರ್ತಿ.

ಆದರೆ ಎಲ್ಲವೂ ಇಷ್ಟು ಸೌಹಾರ್ದದಿಂದ ನಡೆಯಲಿಲ್ಲ. ಮಸೀದಿಯನ್ನು ಕೊನೆಯ ಬಾರಿ ವಿಸ್ತರಿಸಿದ ಅಲ್ ಮನ್ಸೂರ್ 997ರಲ್ಲಿ ಕ್ರೈಸ್ತರ ಯಾತ್ರಾಸ್ಥಳವಾದ ಸಾಂತಿಯಾಗೊ ನಗರವನ್ನು ಸೂರೆಗೈದನು. ಅಲ್ಲಿನ ಚರ್ಚಿನ ಗಂಟೆಗಳನ್ನು ಕ್ರೈಸ್ತ ಸೆರೆಯಾಳುಗಳ ಹೆಗಲ ಮೇಲೆ ಹೊರಿಸಿ ತಂದು ಈ ಮಸೀದಿಯ ದೀಪಗಳನ್ನಾಗಿ ಮಾಡಲಾಯಿತಂತೆ. 1236ರಲ್ಲಿ ಮೂರನೇ ಫರ್ಡಿನಾಂಡ್ ಕುರ್ತುಬಾವನ್ನು ಗೆದ್ದು ಮಸೀದಿಯನ್ನು ಚರ್ಚ್ ಮಾಡಿದಾಗ ಅದೇ ಗಂಟೆಗಳು ಮುಸ್ಲಿಮ್ ಸೆರೆಯಾಳುಗಳ ಹೆಗಲೇರಿ ಸಾಂತಿಯಾಗೊಗೆ ಮರಳಿದವು ಎನ್ನುತ್ತಾರೆ. ನಮ್ಮವರು ಕಣ್ಣೀರಿಟ್ಟು ಹೇಳುವುದು ಎರಡನೆಯ ಯಾತ್ರೆಯನ್ನು ಮಾತ್ರ. ಅವರಲ್ಲಿ ಅನೇಕರು ಹೇಳುವುದು ಮೊದಲನೆಯದನ್ನು ಮಾತ್ರ. ಹೊತ್ತವರ ಹೆಗಲಿಗೆ ಎರಡೂ ಅಷ್ಟೇ ಭಾರವಾಗಿದ್ದಿರಬೇಕು.

ಗೆದ್ದವರು ಕಟ್ಟಡವನ್ನು ಕೆಡವಲಿಲ್ಲವೆಂಬುದನ್ನೂ ಹೇಳಬೇಕು. ಸುಮಾರು ಮುನ್ನೂರು ವರ್ಷ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಅದು ಹಾಗೆಯೇ ಉಳಿಯಿತು. 1523ರಲ್ಲಿ ಬಿಷಪರು ನಟ್ಟನಡುವೆ ದೊಡ್ಡ ಚರ್ಚ್ ಕಟ್ಟಲು ಮುಂದಾದಾಗ ವಿರೋಧಿಸಿದವರು ಯಾರು? ಕ್ರೈಸ್ತರದೇ ಆದ ನಗರಸಭೆ! ಚಕ್ರವರ್ತಿಯ ತೀರ್ಮಾನ ಬರುವ ತನಕ ಕೆಡಹುವ ಕೆಲಸಕ್ಕೆ ಕೈಹಾಕಿದವರಿಗೆ ಮರಣದಂಡನೆ ಎಂದು ಅದು ಸಾರಿತು. ಚಕ್ರವರ್ತಿ ಐದನೇ ಚಾರ್ಲ್ಸ್ ಬಿಷಪರ ಪರ ನಿಂತನು. ಬಳಿಕ ಕಣ್ಣಾರೆ ನೋಡಿದಾಗ, ಎಲ್ಲಿಯೂ ಇಲ್ಲದ್ದನ್ನು ಹಾಳುಗೆಡವಿ ಎಲ್ಲೆಡೆ ಇರುವುದನ್ನು ಕಟ್ಟಿದಿರೆಂದು ಆತ ಮರುಗಿದನೆಂಬ ಮಾತು ಇಂದಿಗೂ ಪ್ರಚಲಿತವಿದೆ.

1933ರಲ್ಲಿ ಕವಿ ಇಕ್ಬಾಲ್ ಇಲ್ಲಿ ನಮಾಝ್ ಮಾಡಿದರು. ಇಂದು ಮುಸ್ಲಿಮರ ನಮಾಝ್‌ಗೆ ಇಲ್ಲಿ ಅನುಮತಿಯಿಲ್ಲ. 1984ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2006ರಲ್ಲಿ ಸ್ಥಳೀಯ ಚರ್ಚ್ ಆಡಳಿತವು ಕೇವಲ 30 ಯೂರೋ ಶುಲ್ಕ ತೆತ್ತು ಇಡೀ ಕಟ್ಟಡವನ್ನು ತನ್ನ ಹೆಸರಿಗೆ ನೋಂದಾಯಿಸಿಕೊಂಡಿತು. ಪ್ರವಾಸಿಗರ ಕರಪತ್ರಗಳಿಂದ 'ಮಸೀದಿ' ಎಂಬ ಪದವೂ ಮರೆಯಾಗತೊಡಗಿತು. ಆಗ ದನಿಯೆತ್ತಿದವರು ಮುಸ್ಲಿಮರು ಮಾತ್ರವಲ್ಲ. ಮುಸ್ಲಿಮರು ಬೆರಳೆಣಿಕೆಯಷ್ಟೇ ಇರುವ ಆ ನಗರದ ನಾಗರಿಕರೇ ಒಂದು ವೇದಿಕೆ ಕಟ್ಟಿಕೊಂಡು, ಕಟ್ಟಡ ಎಲ್ಲರ ಸೊತ್ತಾಗಬೇಕು, ಹಳೆಯ ಹೆಸರು ಉಳಿಯಬೇಕು ಎಂದು ಸಹಿ ಸಂಗ್ರಹಿಸಿದರು. ಪ್ರವಾಸಿಗರಿಗೆ ಕೊಡುವ ಮಾಹಿತಿಯಲ್ಲಿ 'ಮಸೀದಿ-ಕ್ಯಾಥೆಡ್ರಲ್' ಎಂಬ ಜೋಡಿ ಹೆಸರು ಮರಳಿತು. ಒಡೆತನದ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.